ಹೊಲದ ಬದುವಿನ ಕಲ್ಲು, ಪದವಿ ತರಗತಿಯ ಪ್ರಶ್ನೆ

10ನೇ ಶತಮಾನದ ಆರಂಭ. ರಾಷ್ಟ್ರಕೂಟ ದೊರೆ ಇಮ್ಮಡಿ ಕೃಷ್ಣನ ಆಳ್ವಿಕೆ. ಬನವಾಸಿ ಪನ್ನಿರ್ಚ್ಛಾಸಿರದ (ಹನ್ನೆರಡು ಸಾವಿರದ) ಒಳಗೆ ನಾಗರಖಂಡ ಎಪ್ಪತ್ತು ಎಂಬ ಸೀಮೆ. ಅದರ ನಾಳ್ಗಾವುಂಡನಾಗಿದ್ದ, ಎಂದರೆ ನಾಡಿನ ಮುಖ್ಯಸ್ಥನಾಗಿದ್ದ ಸತ್ತರಸ ನಾಗಾರ್ಜುನ ತೀರಿಕೊಂಡಾಗ ಆ ಅಧಿಕಾರವನ್ನು ಅವನ ಹೆಂಡತಿ ಜಕ್ಕಿಯಬ್ಬೆಗೆ ಕೊಡಲಾಯಿತು. ಆಕೆ ಸೀಮೆಯನ್ನು ಸಮರ್ಥವಾಗಿ ನಡೆಸಿದಳು. ಕಾಯಿಲೆ ಬಿದ್ದಾಗ ಮಗಳನ್ನು ಕರೆಸಿ ತನ್ನದನ್ನೆಲ್ಲ ಒಪ್ಪಿಸಿ, ಬಂದಣಿಕೆಯ (ಇಂದಿನ ಬಂದಳಿಕೆಯ) ಬಸದಿಗೆ ಬಂದು ವ್ರತ ಹಿಡಿದು ದೇಹ ಬಿಟ್ಟಳು.

ಇದನ್ನು ಹೇಳುವ ಕಲ್ಲು ಇರುವುದು ಶಿಕಾರಿಪುರ ತಾಲ್ಲೂಕಿನ ಬಂದಳಿಕೆಯಲ್ಲಿ. ಎಪಿಗ್ರಾಫಿಯಾ ಕರ್ನಾಟಿಕಾ ಎಂಬ ಶಾಸನ ಸಂಗ್ರಹದ ಏಳನೆಯ ಸಂಪುಟದಲ್ಲಿ ಶಿಕಾರಿಪುರ 219ನೇ ಶಾಸನವಾಗಿ ಅಚ್ಚಾಗಿದೆ. ಸ್ಪರ್ಧಾತ್ಮಕ ಪರೀಕ್ಷೆಯ ಗೈಡುಗಳಲ್ಲಿ ಜಕ್ಕಿಯಬ್ಬೆಯ ಹೆಸರು ಒಂದು ಅಂಕದ ಪ್ರಶ್ನೆಯಾಗಿ ಬರುತ್ತದೆ: ನಾಗರಖಂಡವನ್ನು ಆಳಿದ ಮಹಿಳೆ ಯಾರು? ಉತ್ತರ ಬರೆದರೆ ಮುಗಿಯಿತು. ನನಗೆ ಅಲ್ಲಿಂದಲೇ ಇತಿಹಾಸ ಶುರುವಾಗುತ್ತದೆ ಅನಿಸುತ್ತದೆ. ಗಂಡ ಸತ್ತ ಹೆಣ್ಣಿಗೆ ನಾಡಿನ ಅಧಿಕಾರ ಬರುವುದು ಆಗಿನ ಕಾಲಕ್ಕೆ ರೂಢಿಯೋ, ಅಪರೂಪವೋ? ಆಕೆ ಮಗಳನ್ನೇ ಯಾಕೆ ಕರೆಸಿದಳು? ಸುತ್ತಲಿನ ಊರುಗಳ ಅದೇ ನೂರು ವರ್ಷಗಳ ಶಾಸನಗಳಲ್ಲಿ ಹೆಣ್ಣುಮಕ್ಕಳು ಎಷ್ಟು ಕಡೆ ಬರುತ್ತಾರೆ, ದಾನ ಕೊಟ್ಟವರಾಗಿಯೋ, ಅಧಿಕಾರ ಹಿಡಿದವರಾಗಿಯೋ, ಗಂಡನ ಹಿಂದೆ ಬೆಂಕಿಗೆ ಬಿದ್ದವರಾಗಿಯೋ? ಈ ಪ್ರಶ್ನೆಗಳಿಗೆ ಉತ್ತರ ಹುಡುಕಲು ಪಿಎಚ್.ಡಿ. ಆಗುವವರೆಗೆ ಕಾಯಬೇಕಿಲ್ಲ. ಶಿಕಾರಿಪುರದಲ್ಲೋ ಸೊರಬದಲ್ಲೋ ಬಿ.ಎ. ಓದುವ ಇಪ್ಪತ್ತು ವರ್ಷದ ಹುಡುಗಿ ಒಂದು ವರ್ಷ ಗಮನ ಕೊಟ್ಟರೆ ಸಾಕು.

ಆ ಒಂದು ವರ್ಷ ನಮ್ಮ ರಾಜ್ಯದ ಪದವಿಯಲ್ಲಿ ಕೆಲಕಾಲ ಇತ್ತು. 2021-22ರಲ್ಲಿ ಹೊಸ ಶಿಕ್ಷಣ ನೀತಿಯನ್ನು ಕರ್ನಾಟಕ ಜಾರಿಗೆ ತಂದಾಗ ನಾಲ್ಕು ವರ್ಷದ ಆನರ್ಸ್ ಪದವಿ ಬಂತು. 2022ರ ಡಿಸೆಂಬರಿನಲ್ಲಿ ಯುಜಿಸಿ ಹೊರಡಿಸಿದ ಚೌಕಟ್ಟಿನ ಪ್ರಕಾರ ಮೊದಲ ಆರು ಸೆಮಿಸ್ಟರಿನಲ್ಲಿ ಶೇ 75 ಅಂಕ ಪಡೆದವರು ನಾಲ್ಕನೇ ವರ್ಷ ಸಂಶೋಧನೆ ಆಯ್ದುಕೊಳ್ಳಬಹುದು, 12 ಕ್ರೆಡಿಟ್ಟಿನ ಪ್ರಬಂಧ ಬರೆಯಬಹುದು. 2024ರ ಮೇ ತಿಂಗಳಲ್ಲಿ ರಾಜ್ಯ ಸರ್ಕಾರ ಮತ್ತೆ ಮೂರು ವರ್ಷದ ಪದವಿಗೆ ಮರಳಿತು. ಅದಕ್ಕೂ ಮೊದಲು ಸೇರಿದ್ದ ಮೂರು ತಂಡಗಳಿಗೆ ಮಾತ್ರ ನಾಲ್ಕನೇ ವರ್ಷದ ಆಯ್ಕೆ ಉಳಿಯಿತು. ಈ ತೀರ್ಮಾನಕ್ಕೆ ಕಾರಣಗಳಿದ್ದವು. ಬಡ ಮನೆಯ ಮಕ್ಕಳಿಗೆ ಇನ್ನೊಂದು ವರ್ಷದ ಖರ್ಚು ದೊಡ್ಡದು. ತಾಲ್ಲೂಕು ಕೇಂದ್ರದ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ ಅತಿಥಿ ಉಪನ್ಯಾಸಕರ ಮೇಲೆಯೇ ಪಾಠ ನಡೆಯುವಾಗ ಸಂಶೋಧನೆಗೆ ಮಾರ್ಗದರ್ಶನ ಮಾಡುವವರು ಯಾರು ಎಂಬ ಪ್ರಶ್ನೆಯೂ ನ್ಯಾಯವಾದದ್ದೇ. ನಾಲ್ಕನೇ ವರ್ಷ ಹೋದದ್ದಕ್ಕೆ ನನಗೆ ಅಷ್ಟು ದುಃಖವಿಲ್ಲ. ಅದರ ಜೊತೆಗೆ, ಪದವಿ ವಿದ್ಯಾರ್ಥಿಯೂ ಸ್ವತಃ ಏನಾದರೂ ಕಂಡುಹಿಡಿಯಬಲ್ಲ ಎಂಬ ನಂಬಿಕೆಯೂ ಹೋಗುತ್ತಿದೆಯಲ್ಲ, ಅದು ನೋವಿನ ಸಂಗತಿ.

ಶಿಕಾರಿಪುರ, ಸೊರಬ ಈ ಎರಡು ತಾಲ್ಲೂಕುಗಳಲ್ಲಿ ಆ ನಂಬಿಕೆ ಕಳೆದುಕೊಳ್ಳುವುದಂತೂ ಅನ್ಯಾಯ. ಬಿ.ಎಲ್. ರೈಸ್ ಮೈಸೂರು ಸಂಸ್ಥಾನದ ಶಾಸನಗಳನ್ನು ತಾಲ್ಲೂಕುವಾರು ಅಚ್ಚು ಹಾಕಿಸುತ್ತ ಬಂದಾಗ ಶಿಕಾರಿಪುರ 1902ರ ಏಳನೆಯ ಸಂಪುಟಕ್ಕೆ ಬಂತು, ಸೊರಬ 1904ರ ಎಂಟನೆಯ ಸಂಪುಟಕ್ಕೆ. ಎರಡರಲ್ಲೂ ಈ ತಾಲ್ಲೂಕುಗಳ ಪಾಲು ದೊಡ್ಡದು. ಶಾಸನಗಳು ನೂರಾರು. ಕದಂಬರಿಂದ ಹಿಡಿದು ರಾಷ್ಟ್ರಕೂಟ, ಕಲ್ಯಾಣ ಚಾಲುಕ್ಯ, ಕಳಚುರಿ, ಹೊಯ್ಸಳ, ಸೇವುಣ, ವಿಜಯನಗರದವರೆಗೆ ಇಲ್ಲಿ ಬರೆಸದವರಿಲ್ಲ. ಆ ಸಂಪುಟಗಳಲ್ಲಿ ಪ್ರತಿ ಶಾಸನದ ಪಾಠ ಕನ್ನಡ ಲಿಪಿಯಲ್ಲೂ ಇದೆ, ರೋಮನ್ ಲಿಪಿಯಲ್ಲೂ ಇದೆ, ಇಂಗ್ಲಿಷ್ ಅನುವಾದವೂ ಇದೆ. ಸ್ಕ್ಯಾನ್ ಮಾಡಿದ ಪ್ರತಿಗಳು ಅಂತರ್ಜಾಲದಲ್ಲಿ ಪುಕ್ಕಟೆ ಸಿಗುತ್ತವೆ. ದೆಹಲಿಯಲ್ಲಿ ಇತಿಹಾಸ ಆನರ್ಸ್ ಓದುವ ವಿದ್ಯಾರ್ಥಿ ಆ ಇಂಗ್ಲಿಷ್ ಅನುವಾದವನ್ನು ನಂಬಿಕೊಳ್ಳಬೇಕು. ಶಿರಾಳಕೊಪ್ಪದ ಹುಡುಗ ಕನ್ನಡ ಪಾಠವನ್ನೇ ಓದಬಹುದು. ಹಳಗನ್ನಡ ಮೊದಮೊದಲು ತೊಡಕಾಗುತ್ತದೆ. ಹತ್ತು ಶಾಸನ ಓದುವಷ್ಟರಲ್ಲಿ ಅವುಗಳ ವಾಕ್ಯದ ಜಾಡು ಸಿಗುತ್ತದೆ, ಯಾಕೆಂದರೆ ದಾನಶಾಸನಗಳು ಹೆಚ್ಚುಕಡಿಮೆ ಒಂದೇ ಕ್ರಮದಲ್ಲಿ ಮಾತಾಡುತ್ತವೆ.

ತಾಳಗುಂದದ ಕಂಬವನ್ನೇ ನೋಡಿ. ಪ್ರಣವೇಶ್ವರ ದೇವಾಲಯದ ಎದುರು ನಿಂತಿರುವ ಈ ಸ್ತಂಭಶಾಸನವನ್ನು ಕದಂಬರ ಶಾಂತಿವರ್ಮನ ಕಾಲದಲ್ಲಿ, 5ನೇ ಶತಮಾನದಲ್ಲಿ, ಕುಬ್ಜನೆಂಬ ಕವಿ ಸಂಸ್ಕೃತ ಪದ್ಯಗಳಲ್ಲಿ ರಚಿಸಿದ. ಮಯೂರಶರ್ಮ ತನ್ನ ಗುರು ವೀರಶರ್ಮನ ಜೊತೆ ಕಂಚಿಯ ಘಟಿಕಾಸ್ಥಾನಕ್ಕೆ ಓದಲು ಹೋದದ್ದು, ಪಲ್ಲವರ ಕುದುರೆಯಾಳಿನೊಂದಿಗೆ ಜಗಳವಾದದ್ದು, ದರ್ಭೆ ಹಿಡಿದ ಕೈಯಲ್ಲಿ ಕತ್ತಿ ಹಿಡಿದದ್ದು, ಇವೆಲ್ಲ ನಮಗೆ ಗೊತ್ತಾಗಿರುವುದು ಈ ಕಂಬದಿಂದಲೇ. ಶಾಲೆಯ ಪುಸ್ತಕ, ಸಿನಿಮಾ, ಭಾಷಣ, ಎಲ್ಲ ಕಡೆ ಕಂಬ ಮಯೂರನ ಪಾಲಾಗಿದೆ. ಆದರೆ ಶಾಸನವನ್ನು ಕೊನೆಯವರೆಗೆ ಓದಿದರೆ ಅದನ್ನು ಕೆತ್ತಿಸಿದ ಸಂದರ್ಭ ಗೊತ್ತಾಗುತ್ತದೆ. ಶಾತಕರ್ಣಿ ಮೊದಲಾದ ಹಿಂದಿನ ಅರಸರು ಪೂಜಿಸಿದ್ದ ಶಿವನ ಗುಡಿಯ ಬಳಿ ಶಾಂತಿವರ್ಮನ ತಂದೆ ಕಾಕುತ್ಸ್ಥವರ್ಮ ಒಂದು ದೊಡ್ಡ ಕೆರೆ ತೋಡಿಸಿದ. ಅದನ್ನು ದಾಖಲಿಸಲು ಕೆತ್ತಿಸಿದ ಶಾಸನವಿದು. ರಾಜವಂಶದ ಕಥೆ ಅದರ ಪೀಠಿಕೆ.

ನಾನು ಇದನ್ನು ಒತ್ತಿ ಹೇಳುವುದಕ್ಕೆ ಕಾರಣವಿದೆ. ಶಿಕಾರಿಪುರ, ಸೊರಬ ಕೆರೆಗಳ ಸೀಮೆ. ಭತ್ತ ಬೆಳೆದದ್ದು, ಅಗ್ರಹಾರಗಳು ಎದ್ದದ್ದು, ಬಳ್ಳಿಗಾವಿಯಂಥ ಪಟ್ಟಣ ಊರಿದ್ದು ಕೆರೆಯ ನೀರಿನ ಮೇಲೆ. ಹಾಗಿದ್ದರೂ ಕನ್ನಡ ನಾಡಿನ ಮೊದಲ ರಾಜವಂಶದ ಅತಿ ಮುಖ್ಯ ದಾಖಲೆ ಒಂದು ಕೆರೆಯ ದಾಖಲೆ ಎಂಬುದು ತರಗತಿಯಲ್ಲಿ ಪಾಠವಾಗುವುದಿಲ್ಲ. ಪದವಿ ವಿದ್ಯಾರ್ಥಿಯೊಬ್ಬ ತನ್ನ ಹೋಬಳಿಯ ಶಾಸನಗಳಲ್ಲಿ ಬರುವ ಕೆರೆ, ತೂಬು, ಗದ್ದೆಗಳನ್ನಷ್ಟೇ ಆಯ್ದು, ಇವತ್ತಿನ ಗ್ರಾಮನಕ್ಷೆಯ ಮೇಲೆ ಗುರುತಿಸಿದರೆ ಅದೊಂದು ಒಳ್ಳೆಯ ಆನರ್ಸ್ ಪ್ರಬಂಧ. ನಿಂತ ಜಾಗದ ಸರ್ವೆ ನಂಬರನ್ನು ದಿಶಾಂಕ್ ಆ್ಯಪ್ ಫೋನಿನಲ್ಲೇ ತೋರಿಸುತ್ತದೆ. ಯಾವ ಕೆರೆ ಉಳಿದಿದೆ, ಯಾವುದು ಗದ್ದೆಯಾಗಿದೆ, ಯಾವುದರ ಹೆಸರು ಮಾತ್ರ ಊರವರ ಬಾಯಲ್ಲಿ ಉಳಿದಿದೆ ಎಂದು ಕೇಳಿ ಬರೆದುಕೊಳ್ಳಬಹುದು. ಈ ಕೆಲಸವನ್ನು ಊರಿನವರಷ್ಟು ಚೆನ್ನಾಗಿ ಹೊರಗಿನ ವಿದ್ವಾಂಸರು ಮಾಡಲಾರರು.

ಬಳ್ಳಿಗಾವಿಯ ಬಗ್ಗೆ ಹೇಳಹೊರಟರೆ ಈ ಲೇಖನ ಸಾಲದು. ಕೇದಾರೇಶ್ವರ ಗುಡಿಗೆ ಸೇರಿದ ಕೋಡಿಮಠದ ಬಗ್ಗೆ 1162ರ, ಬಿಜ್ಜಳನ ಕಾಲದ ಶಾಸನವೊಂದಿದೆ. ಅಲ್ಲಿ ವೇದ, ವ್ಯಾಕರಣ, ಷಡ್ದರ್ಶನ, ಪುರಾಣ, ಕಾವ್ಯ, ನಾಟಕಗಳ ಅಧ್ಯಯನ ನಡೆಯುತ್ತಿತ್ತು. ಅಷ್ಟೇ ಆಗಿದ್ದರೆ ಪಂಡಿತರ ಮಠ ಅನ್ನಬಹುದಿತ್ತು. ಕುಂಟರು, ಕುರುಡರು, ಕಿವುಡರು, ಹಾಡುವವರು, ಕುಣಿಯುವವರು, ಬೇರೆ ಮತದ ಭಿಕ್ಷುಗಳು, ಎಲ್ಲರಿಗೂ ಅಲ್ಲಿ ಅನ್ನವಿತ್ತು, ರೋಗಿಗಳಿಗೆ ಔಷಧವಿತ್ತು. ಅದಕ್ಕೂ ನೂರು ವರ್ಷ ಹಿಂದೆ ಅದೇ ಊರಿನಲ್ಲಿ ಬೌದ್ಧ ವಿಹಾರ ಕಟ್ಟಿದ್ದರು. ಜೈನ ಬಸದಿಗಳಿದ್ದವು. ಅಲ್ಲಮನ ಊರೂ ಅದೇ ಎಂದು ಪರಂಪರೆ ಹೇಳುತ್ತದೆ. ಪಕ್ಕದ ಉಡುತಡಿ ಅಕ್ಕನ ಊರು. ವಚನಕಾರರು ಯಾವ ಊಟದ ಪಂಕ್ತಿಗಳನ್ನು, ಯಾವ ಮಠಗಳನ್ನು, ಯಾವ ಪಂಡಿತರನ್ನು ನೋಡುತ್ತ ಬೆಳೆದರು ಎಂಬುದನ್ನು ಕನ್ನಡ ಸಾಹಿತ್ಯದ ತರಗತಿ ಊಹಿಸುತ್ತದೆ. ಇತಿಹಾಸದ ತರಗತಿ ಅದಕ್ಕೆ ಕಲ್ಲಿನ ಸಾಕ್ಷ್ಯ ಕೊಡಬಲ್ಲದು. ಎರಡೂ ವಿಭಾಗದ ವಿದ್ಯಾರ್ಥಿಗಳು ಒಟ್ಟಿಗೆ ಕೂತು ಮಾಡಬೇಕಾದ ಕೆಲಸವಿದು.

ಈಗ ಸೊರಬದ ಕಡೆ ಬರೋಣ. ಉದ್ರಿ, ಕುಬಟೂರು, ಆನವಟ್ಟಿ, ಚಂದ್ರಗುತ್ತಿಯ ಸುತ್ತ ವೀರಗಲ್ಲುಗಳು ಇಷ್ಟು ದಟ್ಟವಾಗಿವೆ ಅಂದರೆ ಅಲ್ಲಿ ಬೆಳೆದ ಮಕ್ಕಳಿಗೆ ಅವು ಕಣ್ಣಿಗೇ ಬೀಳುವುದಿಲ್ಲ. ಕೆರೆ ಏರಿಯ ಮೇಲೆ, ಅರಳಿಕಟ್ಟೆಯ ಬುಡದಲ್ಲಿ, ಹೊಲದ ಬದುವಿನಲ್ಲಿ, ಒಮ್ಮೊಮ್ಮೆ ಬಟ್ಟೆ ಒಗೆಯುವ ಕಲ್ಲಾಗಿಯೂ ಇರುತ್ತವೆ. ಸಾಮಾನ್ಯವಾಗಿ ಮೂರು ಪಟ್ಟಿಕೆ. ಕೆಳಗೆ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಲಿಂಗದ ಎದುರು ಅಥವಾ ಜಿನನ ಎದುರು ಕೈಮುಗಿದು ಕೂತ ವೀರ. ಪಟ್ಟಿಕೆಗಳ ನಡುವಿನ ಅಂಚಿನಲ್ಲಿ ಬರಹ. ತುರುಗೊಳ್ (ದನ ಹಿಡಿಯುವುದು), ಊರಳಿವು (ಊರಿನ ನಾಶ), ಪೆಣ್ಬುಯ್ಯಲ್ (ಹೆಣ್ಣಿನ ಮೊರೆ), ಗಡಿಕಾಳಗ, ಹೀಗೆ ಸಾವಿಗೆ ಕಾರಣವನ್ನು ಆ ಬರಹ ಹೇಳುತ್ತದೆ. ಸತ್ತವನ ಮನೆಯವರಿಗೆ ಬಿಟ್ಟ ಭೂಮಿಯ ವಿವರವೂ ಕೆಲವದರಲ್ಲಿ ಇರುತ್ತದೆ. ಬಳೆ ತೊಟ್ಟ ತೋಳು ಎತ್ತಿ ನಿಂತಿದ್ದರೆ ಅದು ಮಾಸ್ತಿಕಲ್ಲು.

ಇವುಗಳಲ್ಲಿ ರಾಜರ ಹೆಸರನ್ನು ಹುಡುಕಿ ಕಾಲ ನಿರ್ಣಯ ಮಾಡಿದಲ್ಲಿಗೆ ಹಿಂದಿನ ಶಾಸನತಜ್ಞರ ಆಸಕ್ತಿ ಬಹುಮಟ್ಟಿಗೆ ಮುಗಿಯುತ್ತಿತ್ತು. ಅವರ ಕಾಲಕ್ಕೆ ಅದೇ ದೊಡ್ಡ ಕೆಲಸ. ಈಗ ನಾವು ಕೇಳಬೇಕಾದದ್ದು ಬೇರೆ. ದನ ಕದಿಯಲು ಬಂದವರು ಯಾವ ಊರಿನವರು? ಬೇರೆ ರಾಜ್ಯದವರೋ, ಹೊಳೆಯಾಚೆಯ ನೆರೆಯವರೋ? ಸತ್ತವನು ಗಾವುಂಡನ ಮಗನೋ, ದನ ಕಾಯುವವನೋ, ಅಗಸನೋ, ಬೇಡನೋ? ಕಲ್ಲು ನಿಲ್ಲಿಸಿದವರು ತಮ್ಮನೋ, ತಾಯಿಯೋ, ಇಡೀ ಊರೋ? ಒಂದು ಹೋಬಳಿಯ ನಲವತ್ತು, ಐವತ್ತು ವೀರಗಲ್ಲುಗಳನ್ನು ಈ ಪ್ರಶ್ನೆಗಳ ಪ್ರಕಾರ ಒಂದು ಕೋಷ್ಟಕದಲ್ಲಿ ತುಂಬಿಸಿದರೆ ದೊಡ್ಡ ದೊಡ್ಡ ರಾಜರ ಕಾಲದಲ್ಲಿ ಸಣ್ಣ ಊರು ಹೇಗೆ ಹೆದರಿ, ಹೇಗೆ ಎದುರು ನಿಂತು ಬದುಕಿತು ಎಂಬುದು ಕಾಣತೊಡಗುತ್ತದೆ. ಆರ್. ಶೇಷಶಾಸ್ತ್ರಿ ಕರ್ನಾಟಕದ ವೀರಗಲ್ಲುಗಳ ಬಗ್ಗೆ ಇಡೀ ನಾಡಿಗೆ ಅನ್ವಯವಾಗುವ ಕೆಲಸ ಮಾಡಿದ್ದಾರೆ. ಊರು ಊರಿನ ಮಟ್ಟದ ಕೆಲಸ ಬೇಕಾದಷ್ಟು ಬಾಕಿ ಇದೆ.

ಇದರ ವಿಧಾನವೂ ಕಷ್ಟದ್ದಲ್ಲ, ಆದರೆ ಶಿಸ್ತು ಬೇಕು. ಮೊದಲು ಸಂಪುಟದಲ್ಲಿ ಅಚ್ಚಾದ ಪಾಠ ಓದಿಕೊಂಡು ಹೋಗಬೇಕು. ಕಲ್ಲು ಅಲ್ಲೇ ಇದೆಯೇ, ಬೇರೆ ಕಡೆ ಸಾಗಿದೆಯೇ, ಒಡೆದಿದೆಯೇ ಎಂದು ಬರೆದುಕೊಳ್ಳಬೇಕು. ಸವೆದ ಅಕ್ಷರ ಕಾಣಲು ಬೆಳಕು ಓರೆಯಾಗಿ ಬೀಳಬೇಕು. ಬೆಳಗಿನ ಅಥವಾ ಸಂಜೆಯ ಬಿಸಿಲು ಒಳ್ಳೆಯದು, ಇಲ್ಲವೇ ಕತ್ತಲಾದ ಮೇಲೆ ಟಾರ್ಚನ್ನು ಬದಿಯಿಂದ ಹಿಡಿದು ಫೋಟೊ ತೆಗೆಯಬೇಕು. ಅಕ್ಷರ ಎದ್ದು ಕಾಣಲಿ ಎಂದು ಸುಣ್ಣ, ಸೀಮೆಸುಣ್ಣ ಬಳಿಯಬಾರದು, ತಂತಿ ಬ್ರಷ್ಷಿನಿಂದ ಉಜ್ಜಬಾರದು. ಒದ್ದೆ ಕಾಗದ ಹೊಡೆದು ಮಸಿಯ ಪಡಿಯಚ್ಚು ತೆಗೆಯುವುದನ್ನು ಬಲ್ಲವರಿಂದ ಕಲಿಯಬೇಕು, ಸಂರಕ್ಷಿತ ಸ್ಮಾರಕವಾದರೆ ಅನುಮತಿ ಬೇಕೇ ಬೇಕು. ಬೆಂಗಳೂರಿನಲ್ಲಿ ಮಿಥಿಕ್ ಸೊಸೈಟಿ ನಗರದ ಶಾಸನಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡಿಸುತ್ತಿದೆ. ಸೊರಬದ ಕಲ್ಲುಗಳಿಗೂ ಆ ಭಾಗ್ಯ ಬರಬೇಕು. ಅಲ್ಲಿಯವರೆಗೆ ಒಂದು ಒಳ್ಳೆಯ ಫೋಟೊ, ಜಿಪಿಎಸ್ ಗುರುತು, ಅಳತೆ, ಪಕ್ಕದ ಮನೆಯವರ ಎರಡು ಮಾತು ಇಷ್ಟು ದಾಖಲಾದರೂ ದೊಡ್ಡದು.

ಒಂದು ಎಚ್ಚರಿಕೆ. ಹೊಲದಲ್ಲಿ ಕಲ್ಲು ಹುಡುಕುವ ಅಪರಿಚಿತರನ್ನು ಕಂಡರೆ ಹಳ್ಳಿಯವರಿಗೆ ಮೊದಲು ಬರುವ ಅನುಮಾನ ನಿಧಿಗಳ್ಳರು ಎಂಬುದು. ಅವರ ಅನುಮಾನ ತಪ್ಪಲ್ಲ. ನಿಧಿಯಾಸೆಗೆ ಗುಡಿಯ ಗರ್ಭಗೃಹವನ್ನೂ ವೀರಗಲ್ಲಿನ ಬುಡವನ್ನೂ ಅಗೆದು ಹಾಳು ಮಾಡಿದವರು ಎಲ್ಲ ಕಡೆ ಇದ್ದಾರೆ. ಗ್ರಾಮ ಪಂಚಾಯಿತಿಯವರಿಗೆ ತಿಳಿಸಿ, ಕಾಲೇಜಿನ ಪತ್ರ ಹಿಡಿದು, ಹೊಲದ ಯಜಮಾನನನ್ನು ಕೇಳಿಯೇ ಹೋಗಬೇಕು. ಕುಂಕುಮ ಹಚ್ಚಿ ಪೂಜಿಸುವ ಕಲ್ಲಾದರೆ ಚಪ್ಪಲಿ ಬಿಟ್ಟು ಹತ್ತಿರ ಹೋಗಬೇಕು. ಕೆಲಸ ಮುಗಿದ ಮೇಲೆ ಆ ಕಲ್ಲಿನಲ್ಲಿ ಏನು ಬರೆದಿದೆ ಎಂದು ಊರವರಿಗೆ ಓದಿ ಹೇಳಿ ಬರುವುದು ನಮ್ಮ ಋಣ. ಎಷ್ಟೋ ಊರಿನವರು ತಲೆತಲಾಂತರದಿಂದ ಪೂಜಿಸುತ್ತ ಬಂದ ಕಲ್ಲಿನ ಮೇಲಿರುವ ಹೆಸರನ್ನು ಕೇಳಿಯೇ ಇರುವುದಿಲ್ಲ.

ಎಲ್ಲರಿಗೂ ಕಲ್ಲೇ ಹಿಡಿಸಬೇಕೆಂದಿಲ್ಲ. 1868ರಲ್ಲಿ ಬ್ರಾಂಡಿಸ್ ಮತ್ತು ಗ್ರಾಂಟ್ ಎಂಬ ಅಧಿಕಾರಿಗಳು ಸೊರಬ ತಾಲ್ಲೂಕಿನ ಕಾನುಗಳ ಬಗ್ಗೆ ವರದಿ ಬರೆದರು. ಮೆಣಸು, ಬೈನೆ ಬೆಳೆದುಕೊಂಡು ಊರವರೇ ಕಾಪಾಡಿದ್ದ ಆ ಕಾನುಗಳಲ್ಲಿ ಇವತ್ತು ಯಾವುದು ಎಷ್ಟು ಉಳಿದಿದೆ ಎಂಬುದು ಪರಿಸರದ ಪ್ರಶ್ನೆ ಎಷ್ಟೋ ಇತಿಹಾಸದ ಪ್ರಶ್ನೆಯೂ ಅಷ್ಟೇ. ಚಂದ್ರಗುತ್ತಿಯ ಬೆತ್ತಲೆ ಸೇವೆಯನ್ನು ತಡೆಯಲು 1986ರಲ್ಲಿ ನಡೆದ ಹೋರಾಟ, ಅದರ ಗಲಭೆ, ಆಮೇಲಿನ ನಿಷೇಧ, ಇದನ್ನು ಕಂಡವರು ಇನ್ನೂ ಇದ್ದಾರೆ. ಪತ್ರಿಕೆಗಳ ಹಳೆಯ ಸಂಚಿಕೆಗಳಿವೆ. ಭಕ್ತರ ಮಾತು, ಹೋರಾಟಗಾರರ ಮಾತು ಎರಡನ್ನೂ ತಾಳ್ಮೆಯಿಂದ ಕೇಳುವ ವಿದ್ಯಾರ್ಥಿ ಬೇಕು.

ಈಸೂರಿನ ವಿಷಯಕ್ಕೆ ಇನ್ನಷ್ಟು ತಾಳ್ಮೆ ಬೇಕು. 1942ರ ಸೆಪ್ಟೆಂಬರಿನಲ್ಲಿ ಶಿಕಾರಿಪುರ ತಾಲ್ಲೂಕಿನ ಈ ಹಳ್ಳಿ ತಾನು ಸ್ವತಂತ್ರ ಎಂದು ಘೋಷಿಸಿಕೊಂಡು, ಹುಡುಗರನ್ನೇ ಅಮಲ್ದಾರ, ಸಬ್ ಇನ್‌ಸ್ಪೆಕ್ಟರ್ ಎಂದು ನೇಮಿಸಿಕೊಂಡಿತು. ಆ ತಿಂಗಳ 28ರಂದು ಹಳ್ಳಿಗೆ ಬಂದ ಅಮಲ್ದಾರರೂ ಸಬ್ ಇನ್‌ಸ್ಪೆಕ್ಟರರೂ ಘರ್ಷಣೆಯಲ್ಲಿ ಸತ್ತರು. 1943ರ ಮಾರ್ಚಿನಲ್ಲಿ ಗುರಪ್ಪ, ಜಿನಹಳ್ಳಿ ಮಲ್ಲಪ್ಪ, ಸೂರ್ಯನಾರಾಯಣಾಚಾರ್, ಬಡಕಳ್ಳಿ ಹಾಲಪ್ಪ, ಗೌಡ ಶಂಕರಪ್ಪ ಎಂಬ ಐವರನ್ನು ಗಲ್ಲಿಗೇರಿಸಲಾಯಿತು. ಪ್ರತಿ ಆಗಸ್ಟಿನಲ್ಲಿ ನಾವು ಈ ಕಥೆ ಹೇಳಿಕೊಳ್ಳುತ್ತೇವೆ. ಇತಿಹಾಸದ ವಿದ್ಯಾರ್ಥಿ ಅಲ್ಲಿಂದ ಮುಂದಕ್ಕೆ ಹೋಗಬೇಕು. ಸುತ್ತಲಿನ ನೂರು ಹಳ್ಳಿಗಳಲ್ಲಿ ಈಸೂರೇ ಯಾಕೆ ಎದ್ದಿತು? ಗಂಡಸರು ಜೈಲಿನಲ್ಲೋ ಕಾಡಿನಲ್ಲೋ ಇದ್ದಾಗ ಮನೆ, ಗದ್ದೆ, ಮಕ್ಕಳನ್ನು ಹೆಂಗಸರು ಹೇಗೆ ನೋಡಿಕೊಂಡರು? ಬ್ರಿಟಿಷರ ವಿರುದ್ಧದ ಹೋರಾಟದಲ್ಲಿ ಸತ್ತ ಆ ಇಬ್ಬರು ಅಧಿಕಾರಿಗಳು ಮೈಸೂರು ಸಂಸ್ಥಾನದ ನೌಕರರು. ಅವರ ಮನೆಗಳಲ್ಲಿ ಆ ದಿನವನ್ನು ಹೇಗೆ ನೆನೆಯುತ್ತಾರೆ? ಈ ಪ್ರಶ್ನೆ ಕೇಳಿದರೆ ಹುತಾತ್ಮರಿಗೆ ಅಗೌರವವಾಗುವುದಿಲ್ಲ. ನ್ಯಾಯಾಲಯದ ಕಾಗದಗಳು ಒಂದು ಹೇಳುತ್ತವೆ, ಊರಿನ ನೆನಪು ಇನ್ನೊಂದು ಹೇಳುತ್ತದೆ. ಎರಡೂ ಎಲ್ಲಿ ಕೂಡುತ್ತವೆ, ಎಲ್ಲಿ ಬೇರೆಯಾಗುತ್ತವೆ ಎಂದು ತೋರಿಸುವುದೇ ಸಂಶೋಧನೆ. ಆ ಕಾಲವನ್ನು ಕಣ್ಣಾರೆ ಕಂಡವರು ಇನ್ನು ಬೆರಳೆಣಿಕೆಯಷ್ಟೂ ಸಿಗಲಾರರು. ಕೇಳಿ ಬೆಳೆದ ಮಕ್ಕಳು, ಮೊಮ್ಮಕ್ಕಳು ಇದ್ದಾರೆ. ಅವರಿಗೂ ವಯಸ್ಸಾಗುತ್ತಿದೆ.

ಪದವಿ ಹಂತದಲ್ಲಿ ಮಾಡಿದ್ದು ಎಷ್ಟು ದೂರ ಹೋಗಬಲ್ಲದು ಎಂದು ಸಂದೇಹಪಡುವವರಿಗೆ ಎರಡು ಉದಾಹರಣೆ ಕೊಡುತ್ತೇನೆ. ಆಕ್ಸ್‌ಫರ್ಡಿನಲ್ಲಿ ಇತಿಹಾಸ ಆನರ್ಸ್ ಓದುತ್ತಿದ್ದ ಟಿ.ಇ. ಲಾರೆನ್ಸ್ 1909ರ ಬೇಸಿಗೆಯಲ್ಲಿ ಸಿರಿಯಾದ ಉದ್ದಗಲ ನಡೆದು ಧರ್ಮಯುದ್ಧ ಕಾಲದ ಕೋಟೆಗಳನ್ನು ನೋಡಿ, ಅಳೆದು, ಚಿತ್ರಿಸಿ, ಪ್ರಬಂಧ ಬರೆದು 1910ರಲ್ಲಿ ಮೊದಲ ದರ್ಜೆ ಪಡೆದ. ಅದು ಅವನು ಸತ್ತ ಮರುವರ್ಷ, 1936ರಲ್ಲಿ, ಪುಸ್ತಕವಾಯಿತು. ಎರಡನೆಯದು ನಮ್ಮದೇ. ಹಳೆಯ ಶಿವಮೊಗ್ಗ ಜಿಲ್ಲೆಯ ಚನ್ನಗಿರಿ ತಾಲ್ಲೂಕಿನ ಹಿರೇಕೋಗಲೂರಿನ ಎಂ. ಚಿದಾನಂದಮೂರ್ತಿ ಮೈಸೂರಿನಲ್ಲಿ ಕನ್ನಡ ಆನರ್ಸ್ ಓದಿದವರು. ಮುಂದೆ ಅವರು ಬರೆದ ‘ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ’ 450ರಿಂದ 1150ರವರೆಗಿನ ಶಾಸನಗಳನ್ನು ಹಿಡಿದು ರಾಜರಾಚೆಯ ಸಮಾಜವನ್ನು ಕಾಣಿಸಿತು. ಅವರು ಓದಿದ ಶಾಸನಗಳಲ್ಲಿ ಈ ಎರಡು ತಾಲ್ಲೂಕಿನವೂ ಇವೆ. ಹಳ್ಳಿಯಿಂದ ಹೋದ ಹುಡುಗನಿಗೆ ಆನರ್ಸ್ ಪಾಠ ಕೊಟ್ಟದ್ದು ಒಂದೇ ವಿಷಯವನ್ನು ಆಳವಾಗಿ ಓದುವ ಅವಕಾಶ.

ತೊಡಕುಗಳನ್ನು ಮುಚ್ಚಿಡಬಾರದು. ಒಳ್ಳೆಯ ಗ್ರಂಥಾಲಯ ಬೇಕೆಂದರೆ ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯಕ್ಕೆ ಹೋಗಬೇಕು. ಸೊರಬದಿಂದ ಅದು ಒಂದು ದಿನದ ಕೆಲಸ. ಬಸ್ಸು ತಪ್ಪಿದರೆ ಹೆಣ್ಣುಮಕ್ಕಳು ಮನೆಯಲ್ಲಿ ಉತ್ತರ ಕೊಡಬೇಕು. ಕ್ಷೇತ್ರಕಾರ್ಯಕ್ಕೆ ಒಬ್ಬರನ್ನೇ ಕಳುಹಿಸಲು ತಂದೆತಾಯಿ ಒಪ್ಪುವುದಿಲ್ಲ. ಸುಗ್ಗಿ ಬಂದಾಗ, ಅಡಿಕೆ ಕೊಯ್ಲು ಬಂದಾಗ ಕಾಲೇಜೇ ಖಾಲಿಯಾಗುತ್ತದೆ, ಇನ್ನು ಸಂಶೋಧನೆಯ ಮಾತೆಲ್ಲಿ. ಅಂತರ್ಜಾಲದಿಂದ ಎತ್ತಿ ಅಂಟಿಸಿದ ಪ್ರಾಜೆಕ್ಟುಗಳಿಗೆ ಅಂಕ ಕೊಟ್ಟು ಕೈತೊಳೆದುಕೊಳ್ಳುವ ಅಭ್ಯಾಸವೂ ನಮ್ಮಲ್ಲಿದೆ. ಕದಂಬರ ಬಗ್ಗೆ ಎಂಬತ್ತು ಪುಟ ನಕಲು ಮಾಡಿದ್ದಕ್ಕಿಂತ ತನ್ನೂರಿನ ಒಂದು ವೀರಗಲ್ಲಿನ ಬಗ್ಗೆ ಸ್ವಂತ ಕಣ್ಣಿನಿಂದ ನೋಡಿ ಬರೆದ ಎಂಟು ಪುಟಕ್ಕೆ ಹೆಚ್ಚು ಅಂಕ ಸಿಗಬೇಕು. ಈ ಧೈರ್ಯವನ್ನು ಮೌಲ್ಯಮಾಪಕರು ತೋರಬೇಕು.

ಇತಿಹಾಸ ಅಧ್ಯಾಪಕರಲ್ಲಿ ನನ್ನ ವಿನಂತಿ ಇಷ್ಟು. ನಾಲ್ಕನೇ ವರ್ಷ ಇರಲಿ, ಬಿಡಲಿ, ಕೊನೆಯ ವರ್ಷದ ಪ್ರತಿ ವಿದ್ಯಾರ್ಥಿಗೂ ಅವರವರ ಊರಿನ ಒಂದು ಶಾಸನ, ಒಂದು ಕೆರೆ ಅಥವಾ ಒಬ್ಬ ಹಿರಿಯರ ನೆನಪು, ಇಷ್ಟನ್ನು ಕೊಡಿ. ಇಬ್ಬಿಬ್ಬರನ್ನು ಜೋಡಿ ಮಾಡಿ ಕಳುಹಿಸಿ. ಬರೆದದ್ದನ್ನು ಕಪಾಟಿನಲ್ಲಿ ಬೀಗ ಹಾಕದೆ ಕಾಲೇಜಿನ ಗ್ರಂಥಾಲಯದಲ್ಲಿ ಊರಿನ ಹೆಸರಿನಡಿ ಜೋಡಿಸಿಡಿ, ಮುಂದಿನ ವರ್ಷದವರು ಅದನ್ನೇ ಮುಂದುವರಿಸಲಿ. ವಿದ್ಯಾರ್ಥಿಗಳಿಗೆ ಹೇಳುವುದು ಇನ್ನೂ ಚಿಕ್ಕದು. ಶಿಕಾರಿಪುರದವರಾದರೆ ಎಪಿಗ್ರಾಫಿಯಾ ಕರ್ನಾಟಿಕಾದ ಏಳನೆಯ ಸಂಪುಟ, ಸೊರಬದವರಾದರೆ ಎಂಟನೆಯದು. ತೆರೆದು, ಮೊದಲು ನಿಮ್ಮ ಊರಿನ ಹೆಸರು ಹುಡುಕಿ.